ಫ್ರೀಲಾನ್ಸ್ ಸಂಗೀತಗಾರರ ಓಡಾಟದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ವರ್ಷದಿಂದ ಪಿಟೀಲು ನುಡಿಸಿಯೇ ಜೀವನ ನಡೆಸುತ್ತಿದ್ದೇನೆ. ಎಲ್ಲೂ ಕಾಯಂ ಕೆಲಸ ಇಲ್ಲ, ತಿಂಗಳ ಸಂಬಳ ಇಲ್ಲ. ಇವತ್ತು ವೇದಿಕೆ, ನಾಳೆ ಸ್ಟುಡಿಯೋ, ನಾಡಿದ್ದು ಪಾಠ. ಈ ದಾರಿಗೆ ಬರಬೇಕು ಅನ್ನುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ, ಈಗಾಗಲೇ ಬಂದು ಸುಸ್ತಾಗಿರುವ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಫ್ರೀಲಾನ್ಸ್ ಸಂಗೀತಗಾರ ಅಂದರೆ ಯಾರು? ಇದು ಹೊಸ ಕಾಲದ ಕೆಲಸವೇ?

ಒಬ್ಬರೇ ಯಜಮಾನರ ಕೈಕೆಳಗೆ ಇರದೆ, ಒಂದೊಂದು ಕೆಲಸವನ್ನೂ ಬೇರೆ ಬೇರೆ ಕಡೆ ಒಪ್ಪಿಕೊಂಡು ನುಡಿಸುವವರು, ಹಾಡುವವರು. ಹೊಸದೇನಲ್ಲ. ಯುರೋಪಿನ ಸಂಗೀತ ರಚನಕಾರ ಹೈಡನ್ 1761ರಿಂದ ಸುಮಾರು ಮೂವತ್ತು ವರ್ಷ ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ಸಂಬಳದಲ್ಲಿದ್ದರು. ಆದರೆ ಅದೇ ಕಾಲದ ಮೊಜಾರ್ಟ್ ಅವರು 1781ರಲ್ಲಿ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಬಳಿ ಇದ್ದ ಕೆಲಸ ಬಿಟ್ಟು ವಿಯೆನ್ನಾದಲ್ಲಿ ಸ್ವಂತ ಕಾಲ ಮೇಲೆ ನಿಂತರು. ಪಾಠ ಹೇಳಿದರು, ತಮ್ಮ ಕಛೇರಿಗಳನ್ನು ತಾವೇ ಏರ್ಪಡಿಸಿದರು, ಕೇಳಿದವರಿಗೆ ಸಂಗೀತ ಬರೆದುಕೊಟ್ಟರು. ಇವತ್ತು ನಮ್ಮಲ್ಲಿ ಯಾರ ಡೈರಿ ತೆಗೆದು ನೋಡಿದರೂ ಅವೇ ಮೂರು ಕೆಲಸ ಕಾಣುತ್ತವೆ.

ಕಾರ್ಯಕ್ರಮ ಎರಡೇ ಗಂಟೆ. ಮತ್ತೆ ದಿನವಿಡೀ ಬಿಡುವಿಲ್ಲ ಅಂತೀರಲ್ಲ, ಯಾಕೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು. ಯಾಕೆಂದರೆ ಮಿಕ್ಕ ಎಲ್ಲ ಉತ್ತರಗಳೂ ಇದರ ಮೇಲೇ ನಿಂತಿವೆ.

ಸಂಜೆ ಏಳಕ್ಕೆ ಕಾರ್ಯಕ್ರಮ ಅಂದುಕೊಳ್ಳಿ. ಮಧ್ಯಾಹ್ನ ಒಂದಕ್ಕೆ ಮನೆ ಬಿಡಬೇಕು. ಅದಕ್ಕೂ ಮುಂಚೆ ತಂತಿ ನೋಡಬೇಕು, ಪಿಟೀಲಿನ ಸದ್ದನ್ನು ಸ್ಪೀಕರ್‌ಗೆ ಕಳಿಸುವ ಪಿಕಪ್‌ನ ಬ್ಯಾಟರಿ ನೋಡಬೇಕು, ಕೇಬಲ್ ಎರಡು ಇಟ್ಟುಕೊಳ್ಳಬೇಕು. ಮೂರಕ್ಕೆ ಸೌಂಡ್ ಚೆಕ್, ಅಂದರೆ ಪ್ರತಿ ವಾದ್ಯದ ಸದ್ದು ಸರಿಮಾಡಿಕೊಳ್ಳುವುದು, ಎಂದು ಹೇಳಿರುತ್ತಾರೆ. ಮೊದಲು ಡ್ರಮ್ಸ್, ಆಮೇಲೆ ಬಾಸ್, ಆಮೇಲೆ ಕೀಬೋರ್ಡ್. ಪಿಟೀಲಿನ ಸರದಿ ಬರುವಾಗ ನಾಲ್ಕೂವರೆ. ಅಲ್ಲಿಯವರೆಗೆ ಸುಮ್ನೆ ಕೂತಿರಬೇಕು. ಸದ್ದಿನಲ್ಲಿ ಅಭ್ಯಾಸ ಆಗದು, ಕರೆದ ತಕ್ಷಣ ಏಳಬೇಕಾದ್ದರಿಂದ ನಿದ್ದೆಯೂ ಆಗದು. ಬಟ್ಟೆ ಬದಲಾಯಿಸಿ ಮತ್ತೆ ಕಾಯುವುದು. ಏಳಕ್ಕೆ ಅಂದದ್ದು ಏಳೂವರೆಗೆ ಶುರು. ಮುಗಿಸಿ, ಎಲ್ಲ ಸುತ್ತಿ, ಮನೆ ಸೇರುವಾಗ ಮಧ್ಯರಾತ್ರಿ. ಎರಡು ಗಂಟೆ ನುಡಿಸಲು ಹನ್ನೊಂದು ಗಂಟೆ ಹೋಯಿತು.

ಇದು ಆ ದಿನದ್ದು ಮಾತ್ರ. ಹಿಂದಿನ ವಾರದ ಲೆಕ್ಕ ಬೇರೆ ಇದೆ. ಇಪ್ಪತ್ತು ಹಾಡುಗಳ ಪಟ್ಟಿ ಕಳಿಸಿರುತ್ತಾರೆ. ಕೇಳಬೇಕು, ಸ್ವರ ಬರೆದುಕೊಳ್ಳಬೇಕು. ಗಾಯಕರ ಕಂಠಕ್ಕೆ ತಕ್ಕಂತೆ ಶ್ರುತಿ ಇಳಿಸಿದ್ದಾರೆ ಎಂದು ಎರಡು ದಿನ ಮುಂಚೆ ಗೊತ್ತಾಗುತ್ತದೆ. ಆಗ ಬೆರಳುಗಳ ಜಾಗವೆಲ್ಲ ಹೊಸದಾಗಿ ಕಲಿಯಬೇಕು. ರಿಹರ್ಸಲ್‌ಗೆ ಒಂದು ದಿನ. ಇವುಗಳ ನಡುವೆ ಫೋನು, ಮೆಸೇಜು, ಬಿಲ್ ಕಳಿಸುವುದು, ಬರಬೇಕಾದ ದುಡ್ಡಿನ ನೆನಪೋಲೆ. ನನ್ನ ಅನುಭವದಲ್ಲಿ ಎರಡು ಗಂಟೆಯ ಹೊಸ ಕಾರ್ಯಕ್ರಮ ಅಂದರೆ ಇಪ್ಪತ್ತು ಗಂಟೆಯ ಕೆಲಸ. ನುಡಿಸುವುದು ಅದರಲ್ಲಿ ತೀರಾ ಚಿಕ್ಕ ಭಾಗ. ಈ ಕಾಣದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ಡೇಟ್ ಒಪ್ಪಿಕೊಳ್ಳುವುದೇ ಹೊಸಬರು ಮಾಡುವ ತಪ್ಪು. ನಾನೂ ವರ್ಷಗಟ್ಟಲೆ ಮಾಡಿದೆ.

ಒಂದೇ ದಿನ ಎರಡು ಕಡೆ ಒಪ್ಪಿಕೊಳ್ಳಬಹುದಾ?

ಒಪ್ಪಿಕೊಳ್ಳಬಹುದು, ನಡುವೆ ಎಷ್ಟು ಹೊತ್ತು ಬಿಡುತ್ತೀರಿ ಅನ್ನುವುದು ಮುಖ್ಯ.

ಕೆಲಸ ಶುರು ಮಾಡಿದ ಮೂರನೇ ವರ್ಷ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ರೆಕಾರ್ಡಿಂಗ್, ನಾಲ್ಕಕ್ಕೆ ಬೇರೆ ಕಡೆ ಸೌಂಡ್ ಚೆಕ್ ಇಟ್ಟುಕೊಂಡಿದ್ದೆ. ರೆಕಾರ್ಡಿಂಗ್‌ನಲ್ಲಿ ಒಂದು ಹಾಡಿನ ಅರೇಂಜ್‌ಮೆಂಟ್ ಅಲ್ಲೇ ಬದಲಾಯಿತು. ಹೊರಡುವಾಗ ನಾಲ್ಕು ದಾಟಿತ್ತು. ಸೌಂಡ್ ಚೆಕ್ ತಪ್ಪಿತು. ವೇದಿಕೆ ಹತ್ತಿದರೆ ಮಾನಿಟರ್‌ನಲ್ಲಿ, ಅಂದರೆ ನಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್‌ನಲ್ಲಿ, ನನ್ನ ಪಿಟೀಲೇ ಕೇಳುತ್ತಿಲ್ಲ. ಮೊದಲ ಮೂರು ಹಾಡುಗಳಲ್ಲಿ ಶ್ರುತಿ ಹಿಡಿಯಲು ಒದ್ದಾಡಿದೆ. ಗಾಯಕಿ ಒಂದು ಮಾತೂ ಆಡಲಿಲ್ಲ. ಆಮೇಲೆ ಎರಡು ವರ್ಷ ಅವರಿಂದ ಕರೆಯೂ ಬರಲಿಲ್ಲ. ತಪ್ಪು ನನ್ನದೇ.

ಈಗ ನಾನು ಹೀಗೆ ಮಾಡುತ್ತೇನೆ. ರೆಕಾರ್ಡಿಂಗ್ ಮುಗಿಯುವುದು ಎಷ್ಟಕ್ಕೆ ಎಂದು ಹೇಳುತ್ತಾರೋ ಅದಕ್ಕೆ ಎರಡು ಗಂಟೆ ಸೇರಿಸುತ್ತೇನೆ. ಪ್ರಯಾಣದ ಹೊತ್ತನ್ನು ಒಂದೂವರೆ ಪಟ್ಟು ಮಾಡುತ್ತೇನೆ. ಅಷ್ಟಾದ ಮೇಲೂ ಸಮಯ ಉಳಿದರೆ ಮಾತ್ರ ಎರಡನೆಯದಕ್ಕೆ ಹೂಂ ಅನ್ನುತ್ತೇನೆ. ಗಾಯಕರು, ಟ್ರಂಪೆಟ್‌ನಂಥ ವಾದ್ಯ ಊದುವವರು ಇನ್ನೂ ಎಚ್ಚರವಾಗಿರಬೇಕು. ದಣಿದ ಕಂಠ, ದಣಿದ ತುಟಿ ಎರಡು ಗಂಟೆಯಲ್ಲಿ ಸರಿಹೋಗುವುದಿಲ್ಲ.

ಡೇಟ್ ಕೊಟ್ಟ ಮೇಲೆ ಅದಕ್ಕಿಂತ ದೊಡ್ಡ ಅವಕಾಶ ಬಂದರೆ?

ಕೊಟ್ಟ ಡೇಟ್ ಉಳಿಸಿಕೊಳ್ಳಿ. ನಮ್ಮ ಕೆಲಸದಲ್ಲಿ ಬಹುಪಾಲು ಬಾಯಿಮಾತಿನ ಮೇಲೆ ನಡೆಯುತ್ತದೆ.

ಇದು ಹಳೇ ಜಗಳ. 1904ರಲ್ಲಿ ಲಂಡನ್‌ನ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದಲ್ಲಿ ಹೀಗೇ ಆಯಿತು. ಹೆಚ್ಚು ದುಡ್ಡಿನ ಕೆಲಸ ಸಿಕ್ಕಾಗ ವಾದಕರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸುತ್ತಿದ್ದರು. ರಿಹರ್ಸಲ್‌ಗೆ ಒಬ್ಬರು, ಕಛೇರಿಗೆ ಇನ್ನೊಬ್ಬರು. ನಿರ್ದೇಶಕ ಹೆನ್ರಿ ವುಡ್ ಮತ್ತು ವ್ಯವಸ್ಥಾಪಕರು ಇನ್ನು ಮುಂದೆ ಬದಲಿಯವರು ಬೇಡ ಎಂದರು. ಸುಮಾರು ನಲವತ್ತು ಮಂದಿ ಬಿಟ್ಟು ಹೋಗಿ ತಮ್ಮದೇ ವಾದ್ಯವೃಂದ ಕಟ್ಟಿದರು. ಅದೇ ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಅದರ ಮೊದಲ ಕಛೇರಿ 1904ರ ಜೂನ್ 9ರಂದು ನಡೆಯಿತು. ನನಗೆ ಇದರಲ್ಲಿ ಇಬ್ಬರ ಕಷ್ಟವೂ ಅರ್ಥವಾಗುತ್ತದೆ. ಒಂದೇ ಕಡೆಯ ದುಡ್ಡಿನಲ್ಲಿ ಬದುಕು ಸಾಗದಿದ್ದರೆ ವಾದಕ ಏನು ಮಾಡಬೇಕು? ಅಭ್ಯಾಸ ಮಾಡಿದವರು ಕಛೇರಿಗೆ ಬರದಿದ್ದರೆ ನಿರ್ದೇಶಕ ಏನು ಮಾಡಬೇಕು?

ಕಾಯಿಲೆಯಂಥ ಕಾರಣಕ್ಕೆ ಬದಲಿ ಕಳಿಸಲೇಬೇಕಾದರೆ ಮೊದಲು ಕರೆದವರ ಒಪ್ಪಿಗೆ ಪಡೆಯಿರಿ. ನಿಮಗಿಂತ ಚೆನ್ನಾಗಿ ನುಡಿಸುವವರನ್ನೇ ಕಳಿಸಿ. ಹಾಡುಗಳ ಕ್ರಮ, ಎಲ್ಲಿ ನಿಲ್ಲಬೇಕು, ಯಾವುದನ್ನು ಎಷ್ಟು ಸಲ ನುಡಿಸಬೇಕು, ಎಲ್ಲ ಬರೆದುಕೊಡಿ. ಶ್ರುತಿಯ ವಿಷಯ ಮರೆಯಬೇಡಿ. ಎಲ್ಲರೂ ಹೊಂದಿಸಿಕೊಳ್ಳುವ 'ಎ' ಸ್ವರ ಬಹುತೇಕ ಕಡೆ 440 ಹರ್ಟ್ಸ್ ಇರುತ್ತದೆ, ಕೆಲವು ವಾದ್ಯವೃಂದಗಳಲ್ಲಿ 442. ಯುರೋಪಿನ ಹಳೆಯ ಬರೋಕ್ ಕಾಲದ ಸಂಗೀತ ನುಡಿಸುವವರು 415ಕ್ಕೆ ಇಳಿಸುತ್ತಾರೆ, ಅಂದರೆ ಹೆಚ್ಚುಕಮ್ಮಿ ಅರ್ಧ ಸ್ವರ ಕೆಳಗೆ. ಗೊತ್ತಿಲ್ಲದೆ ಹೋಗಿ ಕೂತವರ ಪಾಡು ಕಷ್ಟ.

ಇನ್ನೊಂದು. ಖಚಿತವಾಗದ ಡೇಟನ್ನು ಡೈರಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಅದೇ ದಿನಕ್ಕೆ ಇನ್ನೊಬ್ಬರು ಕೇಳಿದರೆ ಮೊದಲಿನವರಿಗೆ ಫೋನ್ ಮಾಡಿ, "ಬೇರೆಯವರು ಕೇಳ್ತಿದ್ದಾರೆ, ನಾಳೆ ಸಂಜೆಯೊಳಗೆ ಹೇಳ್ತೀರಾ?" ಎಂದು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೆಲಸ ಎಲ್ಲಿಂದ ಬರುತ್ತದೆ?

ಬೇರೆ ಸಂಗೀತಗಾರರಿಂದ. ಅದರಲ್ಲೂ ನಿಮ್ಮದೇ ವಾದ್ಯ ನುಡಿಸುವವರಿಂದ. ಅವರಿಗೆ ಬಿಡುವಿಲ್ಲದ ದಿನ ಅವರು ಹೇಳುವುದು ನಿಮ್ಮ ಹೆಸರು. ಆದ್ದರಿಂದ ಅವರನ್ನು ಎದುರಾಳಿ ಅಂದುಕೊಳ್ಳಬೇಡಿ. ವಿಡಿಯೋ ಹಾಕುವುದು ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಸಮಯಕ್ಕೆ ಬರುವವರು, ಹಾಡು ಕಲಿತು ಬರುವವರು, ಬೇರೆಯವರು ನುಡಿಸುವಾಗ ಕೇಳಿಸಿಕೊಳ್ಳುವವರು ಎಂಬ ಹೆಸರು ತರುವಷ್ಟು ಕೆಲಸವನ್ನು ವಿಡಿಯೋ ತರುವುದಿಲ್ಲ.

ಸ್ಟುಡಿಯೋ ಕೆಲಸ ವೇದಿಕೆಗಿಂತ ಸುಲಭವಾ?

ಪ್ರಯಾಣ ಕಡಿಮೆ. ಸುಲಭ ಅಲ್ಲ. ಹೋದ ಮೇಲೆ ನೋಟ್ಸ್ ಕೈಗೆ ಕೊಡುತ್ತಾರೆ, ಹತ್ತು ನಿಮಿಷದಲ್ಲಿ ನುಡಿಸಬೇಕು. ಕಿವಿಯಲ್ಲಿ ಲಯ ತಪ್ಪದಂತೆ ಕಾಯುವ ಕ್ಲಿಕ್ ಟ್ರ್ಯಾಕ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಆ ಟಿಕ್ ನಡುವೆಯೂ ಹಾಡಿಗೆ ಜೀವ ತುಂಬಬೇಕು. ವೇದಿಕೆಯಲ್ಲಿ ಜನರ ಸದ್ದಿನಲ್ಲಿ ಮುಚ್ಚಿಹೋಗುವ ಸಣ್ಣ ಕರಕರ ಕೂಡ ಮೈಕ್‌ನಲ್ಲಿ ಸಿಕ್ಕಿಬೀಳುತ್ತದೆ.

ಈಗ ಮನೆಯಿಂದಲೇ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಜಾಸ್ತಿ. ಅಲ್ಲಿ ಕೆಲವು ಸಣ್ಣ ವಿಷಯಗಳು ದೊಡ್ಡ ಸಮಯ ಉಳಿಸುತ್ತವೆ. 24 ಬಿಟ್ ವೇವ್ ಫೈಲ್ ಕಳಿಸಿ, ಎಂಪಿ3 ಬೇಡ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕು ಅನ್ನುವುದು, ಸಿನಿಮಾ, ವಿಡಿಯೋಗೆ ಸಾಮಾನ್ಯವಾಗಿ 48 ಕಿಲೋಹರ್ಟ್ಸ್ ಬೇಕು. ಸಿಡಿ ಕಾಲದಿಂದ ಬಂದ 44.1 ಕೇಳುವವರೂ ಇದ್ದಾರೆ, ಶುರು ಮಾಡುವ ಮೊದಲೇ ಕೇಳಿಕೊಳ್ಳಿ. ನೀವು ನುಡಿಸುವುದು ಮೂರನೇ ನಿಮಿಷದಲ್ಲೇ ಆದರೂ ಫೈಲ್ ಹಾಡಿನ ಮೊದಲ ಕ್ಷಣದಿಂದ ಶುರುವಾಗಲಿ. ಆಗ ಅವರು ನೇರವಾಗಿ ಇಟ್ಟರೆ ಸರಿಯಾದ ಜಾಗದಲ್ಲಿ ಕೂರುತ್ತದೆ. ರಿವರ್ಬ್, ಅಂದರೆ ಕೃತಕ ಅನುರಣನ, ಹಾಕದೆ ಕಳಿಸಿ. ಎಷ್ಟು ಸಲ ಬದಲಾಯಿಸಿ ಕೊಡುತ್ತೀರಿ ಎಂದು ಮೊದಲೇ ಹೇಳಿ. ನಾನು ಎರಡು ಸಲ ಅನ್ನುತ್ತೇನೆ. ಹೇಳದೆ ಇದ್ದ ಕಾಲದಲ್ಲಿ ಒಂದೇ ಹಾಡನ್ನು ಏಳು ಸಲ ನುಡಿಸಿಕೊಟ್ಟಿದ್ದೇನೆ.

ಎಷ್ಟು ದುಡ್ಡು ಕೇಳಬೇಕು?

ವೇದಿಕೆಯ ಎರಡು ಗಂಟೆಗೆ ಲೆಕ್ಕ ಹಾಕಬೇಡಿ. ಆ ಇಪ್ಪತ್ತು ಗಂಟೆಗೆ ಹಾಕಿ. ಪ್ರಯಾಣ, ತಂತಿ, ಪಿಟೀಲಿನ ಬಿಲ್ಲಿನ (ಕಮಾನಿನ) ಕೂದಲು ಬದಲಾಯಿಸುವ ಖರ್ಚು, ವಾದ್ಯದ ವಿಮೆ, ತೆರಿಗೆ, ಕೆಲಸವಿಲ್ಲದ ತಿಂಗಳು, ಕಾಯಿಲೆ ಬಿದ್ದ ವಾರ ಎಲ್ಲ ಅದರೊಳಗೆ ಬರಬೇಕು. ಸಂಬಳದವರಿಗೆ ರಜೆಯ ದುಡ್ಡು ಬೇರೆಯವರು ಕೊಡುತ್ತಾರೆ, ನಮಗೆ ನಾವೇ ಕೊಟ್ಟುಕೊಳ್ಳಬೇಕು ಅಲ್ವಾ?

ಒಪ್ಪಿಕೊಂಡದ್ದನ್ನು ಬರೆದಿಡಿ. ದೊಡ್ಡ ಕರಾರು ಪತ್ರ ಬೇಡ, ಒಂದು ಮೆಸೇಜ್ ಸಾಕು. ದಿನ, ಜಾಗ, ಎಷ್ಟಕ್ಕೆ ಬರಬೇಕು, ಎಷ್ಟಕ್ಕೆ ಬಿಡುತ್ತಾರೆ, ಎಷ್ಟು ದುಡ್ಡು, ಯಾವಾಗ ಕೊಡುತ್ತಾರೆ, ರದ್ದಾದರೆ ಏನು, ಹೆಚ್ಚು ಹೊತ್ತಾದರೆ ಏನು. ಅಡ್ವಾನ್ಸ್ ಕೇಳಲು ನಾಚಿಕೆ ಬೇಡ. ಒಮ್ಮೆ ಒಂದು ದೊಡ್ಡ ಕಾರ್ಯಕ್ರಮಕ್ಕೆ ಆರು ದಿನ ರಿಹರ್ಸಲ್ ಮಾಡಿದ್ದೆವು. ಹಿಂದಿನ ರಾತ್ರಿ ರದ್ದಾಯಿತು. ಏನೂ ಬರೆದಿಟ್ಟಿರಲಿಲ್ಲ. ಹನ್ನೆರಡು ಮಂದಿ ಬರಿಗೈಯಲ್ಲಿ ಮನೆಗೆ ಹೋದೆವು. ನಮ್ಮಲ್ಲಿ ಒಬ್ಬರು ಆ ವಾರ ಬೇರೆ ಎರಡು ಕೆಲಸ ಬಿಟ್ಟುಕೊಟ್ಟಿದ್ದರು. ಅವರ ಮುಖ ಇನ್ನೂ ನನ್ನ ಕಣ್ಣ ಮುಂದೆ ಇದೆ.

"ದುಡ್ಡು ಇಲ್ಲ, ಆದರೆ ಹೆಸರು ಬರುತ್ತೆ" ಅಂದರೆ?

ಅಲ್ಲಿ ದೀಪದವರಿಗೆ, ಸೌಂಡ್‌ನವರಿಗೆ ದುಡ್ಡು ಕೊಡುತ್ತಿದ್ದರೆ ನಿಮಗೂ ಕೊಡಬೇಕು. ಯಾರಿಗೂ ಇಲ್ಲ, ಕೆಲಸ ನಿಮ್ಮ ಮನಸ್ಸಿಗೆ ಹತ್ತಿರದ್ದು ಅಂದರೆ ಖುಷಿಯಿಂದ ನುಡಿಸಿ.

ಒಮ್ಮೆ ರೆಕಾರ್ಡ್ ಆದ ಹಾಡಿಗೆ ಆಮೇಲೂ ದುಡ್ಡು ಬರುತ್ತದಾ?

ಒಂದು ಧ್ವನಿಮುದ್ರಣದಲ್ಲಿ ಎರಡು ಬೇರೆ ಹಕ್ಕುಗಳಿವೆ. ಬರೆದವರದು ಮತ್ತು ರಾಗ ಹಾಕಿದವರದು ಒಂದು. ರೆಕಾರ್ಡ್ ಆದ ಧ್ವನಿಯದು ಇನ್ನೊಂದು.

ಮೊದಲನೆಯದರ ಕಥೆ ನನಗೆ ಇಷ್ಟ. 1847ರಲ್ಲಿ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ಮತ್ತು ಅವರ ಗೆಳೆಯರು ಕೂತಿದ್ದರು. ಅಲ್ಲಿ ಅವರದೇ ಹಾಡು ನುಡಿಸುತ್ತಿದ್ದರು. ನಮ್ಮ ಹಾಡಿಗೆ ನೀವು ದುಡ್ಡು ಕೊಡುವುದಿಲ್ಲ ಅಂದ ಮೇಲೆ ನಿಮ್ಮ ಬಿಲ್ ನಾವೂ ಕೊಡುವುದಿಲ್ಲ ಎಂದರು. ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. 1851ರಲ್ಲಿ ಸಾಸೆಮ್ ಎಂಬ ಸಂಸ್ಥೆ ಹುಟ್ಟಿತು. ಹಾಡು ಬರೆದವರ ಪರವಾಗಿ ದುಡ್ಡು ವಸೂಲಿ ಮಾಡುವ ಇಂಥ ಸಂಘಗಳು ಈಗ ಹಲವು ದೇಶಗಳಲ್ಲಿವೆ.

ನುಡಿಸಿದವರ ಹಕ್ಕಿಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ, 1961ರ ರೋಮ್ ಒಪ್ಪಂದದಲ್ಲಿ. ಎಷ್ಟು ಸಿಗುತ್ತದೆ ಅನ್ನುವುದು ದೇಶದ ಕಾನೂನು, ನೀವು ಸಹಿ ಹಾಕಿದ ಕಾಗದ ಎರಡರ ಮೇಲೂ ನಿಂತಿದೆ. ಒಂದೇ ಸಲದ ಸಂಭಾವನೆಗೆ ಎಲ್ಲ ಹಕ್ಕು ಬಿಟ್ಟುಕೊಡುವ ಸಾಲು ಅದರಲ್ಲಿ ಇರಬಹುದು. ಓದಿ ಸಹಿ ಹಾಕಿ. ದುಡ್ಡು ಸಿಗದಿದ್ದರೂ ಹೆಸರು ಹಾಕಿಸಿಕೊಳ್ಳಿ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡ್ರಮ್ಸ್‌ನ ಹಾಲ್ ಬ್ಲೇನ್, ಬಾಸ್‌ನ ಕ್ಯಾರಲ್ ಕೇ ಅಂಥವರು ನುಡಿಸಿದ ಎಷ್ಟೋ ಜನಪ್ರಿಯ ಹಾಡುಗಳ ಕವರ್ ಮೇಲೆ ಅವರ ಹೆಸರೇ ಇರಲಿಲ್ಲ.

ಇಷ್ಟೆಲ್ಲದರ ನಡುವೆ ಅಭ್ಯಾಸ ಯಾವಾಗ ಮಾಡುತ್ತೀರಿ?

ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ನಲವತ್ತು ನಿಮಿಷ. ಕಾರ್ಯಕ್ರಮದ ಹಾಡುಗಳನ್ನು ಆಗ ಮುಟ್ಟುವುದಿಲ್ಲ. ನಿಧಾನದ ಸ್ವರಗಳು, ಬಿಲ್ಲು ಎಳೆಯುವುದು, ಶ್ರುತಿ, ಅಷ್ಟೇ. ಹಾಡು ಕಲಿಯುವುದನ್ನು ದಿನದಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿಕೊಳ್ಳುತ್ತೇನೆ. ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ಹಂಚಿಕೊಂಡು ಕಲಿತದ್ದು ಗಟ್ಟಿಯಾಗಿ ನಿಲ್ಲುತ್ತದೆ. ಕಲಿತದ್ದು ಕೈಗೆ ಕೂರುವುದರಲ್ಲಿ ನಿದ್ದೆಯ ಪಾಲೂ ಇದೆ. ಪ್ರಯಾಣದಲ್ಲಿ ವಾದ್ಯವಿಲ್ಲದೆ ನೋಟ್ಸ್ ನೋಡುತ್ತಾ ಮನಸ್ಸಿನಲ್ಲೇ ನುಡಿಸುವುದೂ ಅಭ್ಯಾಸವೇ.

ಕೈ ನೋಯುತ್ತಿದೆ. ಕಾರ್ಯಕ್ರಮ ಬಿಡಲಾ?

ವೈದ್ಯರನ್ನು ಕಾಣಿ. ಸಂಗೀತಗಾರರ ಕೈಗಳನ್ನು ನೋಡಿ ಅನುಭವ ಇರುವವರು ಸಿಕ್ಕರೆ ಇನ್ನೂ ಒಳ್ಳೆಯದು. ನೋವು ನುಂಗಿಕೊಂಡು ನುಡಿಸುವುದನ್ನು ನಮ್ಮಲ್ಲಿ ದೊಡ್ಡತನ ಅಂದುಕೊಳ್ಳುತ್ತಾರೆ. ನನಗೆ ಅದು ಸಂಕಟ ತರುತ್ತದೆ.

ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರಿಗೆ 1964ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಫೋಕಲ್ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ ಅದು. ಮುಂದಿನ ಮೂವತ್ತು ವರ್ಷ ಎಡಗೈಗೆಂದೇ ಬರೆದ ಸಂಗೀತ ನುಡಿಸಿದರು, ಪಾಠ ಹೇಳಿದರು, ವಾದ್ಯವೃಂದ ನಡೆಸಿದರು. 1990ರ ದಶಕದಲ್ಲಿ ಸ್ನಾಯು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದಿನ ನೆರವಿನಿಂದ ಎರಡೂ ಕೈಯಲ್ಲಿ ಮತ್ತೆ ನುಡಿಸಿದರು. ಎಲ್ಲ ನೋವೂ ಇಷ್ಟು ದೊಡ್ಡದಲ್ಲ. ಬಹಳಷ್ಟು ನೋವು ಒಂದೇ ವಾರದಲ್ಲಿ ನುಡಿಸುವ ಹೊತ್ತು ದುಪ್ಪಟ್ಟಾದಾಗ ಬರುತ್ತದೆ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ವಾದ್ಯ ಕೆಳಗಿಡಿ. ಬೆರಳು ಜೋಮು ಹಿಡಿದರೆ, ಹೇಳಿದಂತೆ ಕೇಳದಿದ್ದರೆ, ಮರುದಿನಕ್ಕೂ ನೋವು ಉಳಿದರೆ ಕಾಯಬೇಡಿ.

ಕಿವಿಗೆ ನಿಜವಾಗಿಯೂ ತೊಂದರೆ ಆಗುತ್ತದಾ?

ಆಗುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಹೇಳುವ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಮೂರು ಡೆಸಿಬೆಲ್ ಹೆಚ್ಚಾದಾಗಲೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88 ಆದರೆ 4 ಗಂಟೆ, 94 ಆದರೆ 1 ಗಂಟೆ, 100 ಆದರೆ 15 ನಿಮಿಷ. ಡ್ರಮ್ಸ್ ಪಕ್ಕದಲ್ಲಿ ಒಂದು ಸಂಜೆ ನಿಂತರೆ ಆ ಮಿತಿ ಎಷ್ಟು ಬೇಗ ದಾಟುತ್ತದೆ ಯೋಚಿಸಿ. ಪಿಟೀಲಿನವರಿಗೆ ಎಡಗಿವಿಯ ಹತ್ತಿರವೇ ವಾದ್ಯ ಇರುತ್ತದೆ. ಒಬ್ಬರೇ ಅಭ್ಯಾಸ ಮಾಡುವಾಗಲೂ ಆ ಕಿವಿಗೆ ಪೆಟ್ಟು.

ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ. ಸಾಮಾನ್ಯ ಸ್ಪಂಜಿನವು ಮೇಲಿನ ಸ್ವರಗಳನ್ನು ಜಾಸ್ತಿ ನುಂಗಿಬಿಡುತ್ತವೆ. ಇವು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತವೆ. ಮೊದಲ ಎರಡು ವಾರ ಯಾರದೋ ವಾದ್ಯ ನುಡಿಸಿದ ಹಾಗೆ ಅನಿಸುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಕಾರ್ಯಕ್ರಮ ಮುಗಿದ ರಾತ್ರಿ ಕಿವಿ ಗುಂಯ್ ಅಂದರೆ ಅದನ್ನು ಮಾಮೂಲು ಅಂದುಕೊಳ್ಳಬೇಡಿ, ದಯವಿಟ್ಟು. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.

ವಾದ್ಯದ ಜೊತೆ ಪ್ರಯಾಣ ಮಾಡುವಾಗ?

ಮರದ ವಾದ್ಯಕ್ಕೆ ಗಾಳಿಯಲ್ಲಿ ಶೇಕಡಾ 40ರಿಂದ 60ರಷ್ಟು ತೇವಾಂಶ ಹಿತ. ಒಣಗಿದರೆ ಬಿರುಕು, ಜಾಸ್ತಿಯಾದರೆ ಉಬ್ಬುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಎಂದಿಗೂ ಬಿಡಬೇಡಿ. ವೇದಿಕೆ ಬಿಸಿಯಾದರೆ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಊದುವ ವಾದ್ಯಗಳದು ಏರುತ್ತದೆ. ಅದಕ್ಕೇ ವಾದ್ಯ ತೆಗೆದು ಆ ಗಾಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಡಬೇಕು.

ಗಡಿ ದಾಟುವುದಾದರೆ ವಾದ್ಯದಲ್ಲಿ ಯಾವ ಮರ, ದಂತ ಇದೆಯೇ ಎಂದು ತಿಳಿದಿರಲಿ. ದಂತದ ತುಂಡಿರುವ ಹಳೆಯ ಬಿಲ್ಲುಗಳಿಗೆ, ಅಳಿವಿನಂಚಿನ ಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪ್ರಕಾರ, ಕಾಗದ ಬೇಕಾಗುತ್ತದೆ. 2017ರಲ್ಲಿ ರೋಸ್‌ವುಡ್ ಜಾತಿಯ ಮರಗಳನ್ನು ಆ ಪಟ್ಟಿಗೆ ಸೇರಿಸಿದಾಗ ಗಿಟಾರ್‌ನವರು ತುಂಬಾ ಪರದಾಡಿದರು. 2019ರ ಕೊನೆಗೆ, ಒಂದೆರಡು ಜಾತಿಯ ಮರ ಬಿಟ್ಟು, ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ತುಂಬಾ ಸಾಮಾನು ಹೊತ್ತೊಯ್ಯುವ ತಂಡಗಳಿಗೆ ಎಟಿಎ ಕಾರ್ನೆ ಎಂಬ ಕಾಗದ ಅನುಕೂಲ. ಅದಕ್ಕೆ ಸೇರಿದ ದೇಶಗಳಲ್ಲಿ ಒಂದು ವರ್ಷದವರೆಗೆ ಸುಂಕ ಕಟ್ಟದೆ ಒಯ್ದು ತರಬಹುದು.

ಮನೆಯವರಿಗೆ ಸಮಯ ಸಿಗುತ್ತದಾ?

ಬೇರೆಯವರ ರಜೆಯ ದಿನವೇ ನಮ್ಮ ಕೆಲಸದ ದಿನ. ಇದನ್ನು ಒಪ್ಪಿಕೊಂಡೇ ದಾರಿ ಹುಡುಕಬೇಕು. ಮಗಳ ಹುಟ್ಟುಹಬ್ಬಕ್ಕೆ ಸತತ ಮೂರು ವರ್ಷ ನಾನು ಮನೆಯಲ್ಲಿ ಇರಲಿಲ್ಲ. ನಾಲ್ಕನೇ ವರ್ಷ, ಜನವರಿಯಲ್ಲೇ, ಆ ದಿನವನ್ನು ಡೈರಿಯಲ್ಲಿ ಪೆನ್ನಿನಲ್ಲಿ ಬರೆದೆ. ಕೇಳಿದವರಿಗೆಲ್ಲ "ಆ ದಿನ ಡೇಟ್ ಇಲ್ಲ" ಎಂದೆ. ಯಾರೂ ಕಾರಣ ಕೇಳಲಿಲ್ಲ. ಈಗ ವಾರಕ್ಕೊಂದು ದಿನವನ್ನೂ ಹಾಗೇ ಬರೆದಿಡುತ್ತೇನೆ.

ಕೆಲಸವೇ ಇಲ್ಲದ ತಿಂಗಳಲ್ಲಿ?

ಬರುತ್ತದೆ, ಎಲ್ಲರಿಗೂ. ಬಂದ ದುಡ್ಡಿನಲ್ಲಿ ಒಂದು ಪಾಲು ತೆರಿಗೆಗೆ, ಒಂದು ಪಾಲು ಖಾಲಿ ತಿಂಗಳಿಗೆ ಎಂದು ಬಂದ ದಿನವೇ ಬೇರೆ ಖಾತೆಗೆ ಹಾಕಿ. ಪಾಠ ಹೇಳುವುದನ್ನು ಕೈಬಿಡಬೇಡಿ, ನನ್ನನ್ನು ಬಹಳ ಸಲ ಉಳಿಸಿದ್ದು ಅದೇ. ಸಿಗದಿದ್ದರೆ ಎಂಬ ಭಯದಿಂದ ಸಿಕ್ಕಿದ್ದೆಲ್ಲ ಒಪ್ಪಿಕೊಂಡರೆ ಮುಂದಿನ ಮೂರು ತಿಂಗಳು ಉಸಿರಾಡಲೂ ಆಗುವುದಿಲ್ಲ.

ಮಗಳು ಇದನ್ನೇ ಮಾಡುತ್ತೇನೆ ಅನ್ನುತ್ತಿದ್ದಾಳೆ. ಬಿಡಬಹುದಾ?

ಕಾರ್ಯಕ್ರಮ ನೋಡಲು ಅವಳನ್ನು ಕರೆದುಕೊಂಡು ಹೋಗಿ ನಿರ್ಧಾರ ಮಾಡಬೇಡಿ. ಪರಿಚಯದ ಒಬ್ಬ ವಾದಕರನ್ನು ಕೇಳಿ, ಮನೆ ಬಿಡುವ ಹೊತ್ತಿನಿಂದ ವಾಪಸ್ ಬರುವವರೆಗೆ ಒಂದು ದಿನ ಅವರ ಜೊತೆ ಕಳಿಸಿ. ಕೇಬಲ್ ಸುತ್ತಲಿ, ಸೌಂಡ್ ಚೆಕ್‌ಗೆ ಕಾಯಲಿ, ರಾತ್ರಿ ಪೆಟ್ಟಿಗೆ ಹೊರಲಿ. ಹೋದ ವರ್ಷ ಹದಿನೇಳರ ಒಬ್ಬ ಹುಡುಗಿ ನನ್ನ ಜೊತೆ ಹೀಗೆ ಬಂದಿದ್ದಳು. ಮಧ್ಯರಾತ್ರಿ ಮನೆ ಮುಂದೆ ಇಳಿಯುವಾಗ ಅವಳು ಕೇಳಿದ್ದು ಒಂದೇ: "ನಾಳೆ ಎಷ್ಟು ಗಂಟೆಗೆ ಬರ್ಲಿ?"